ಚಾಪೆಲ್ ಇರಲಿ, ಬಾಗಿಲಲ್ಲಿರುವ ಸ್ಕ್ಯಾನರ್ ತೆಗೀರಿ: ಖಾಸಗಿ ಕ್ರಿಶ್ಚಿಯನ್ ಯೂನಿವರ್ಸಿಟಿಯಲ್ಲಿ ಡಿಗ್ರಿ ಮುಗಿಸಿದವನ ವಿಮರ್ಶೆ

ಲೈಬ್ರರಿ, ಲ್ಯಾಬ್, ಹಸಿರು ಹುಲ್ಲುಹಾಸು ಎಲ್ಲವನ್ನೂ ನೀವು ಬ್ರೋಷರಿನಲ್ಲಿ ನೋಡಿರುತ್ತೀರಿ. ಅವೆಲ್ಲ ನಿಜ, ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಚಾಪೆಲ್, ಅಂದರೆ ಕ್ಯಾಂಪಸ್ಸಿನ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಲ್ಲಿಸಿರುವ ಆ ಕಾರ್ಡ್ ಸ್ಕ್ಯಾನರ್ ಮೇಲೆ. ಡಿಗ್ರಿ ಕೈಗೆ ಬಂದ ಮೇಲೂ ಅದರ ಬೀಪ್ ಸದ್ದು ಕಿವಿಯಿಂದ ಹೋಗಿಲ್ಲ.

ಅಲ್ಲಿ ನಡೆಯುವ ಪ್ರಾರ್ಥನಾ ಸಭೆಗೂ ಚಾಪೆಲ್ ಅಂತಲೇ ಹೆಸರು. ಸೆಮಿಸ್ಟರಿಗೆ ಇಷ್ಟು ಚಾಪೆಲ್‌ಗೆ ಹೋಗಲೇಬೇಕು ಅಂತ ಲೆಕ್ಕ ಇರುತ್ತದೆ. ಒಳಗೆ ಹೋಗುವಾಗ ಐಡಿ ಕಾರ್ಡ್ ತೋರಿಸಬೇಕು. ಹೊರಗೆ ಬರುವಾಗ ಮತ್ತೆ ತೋರಿಸಬೇಕು, ಯಾಕೆಂದರೆ ಮೊದಲೆಲ್ಲ ಜನ ಮುಂದಿನ ಬಾಗಿಲಲ್ಲಿ ಬೀಪ್ ಮಾಡಿಸಿ ಪಕ್ಕದ ಬಾಗಿಲಿಂದ ಪರಾರಿಯಾಗುತ್ತಿದ್ದರಂತೆ. ತಡವಾಗಿ ಬಂದರೆ ಲೆಕ್ಕಕ್ಕಿಲ್ಲ. ಶಾರ್ಟೇಜ್ ಬಿದ್ದರೆ ಮೊದಲು ಈಮೇಲ್, ಆಮೇಲೆ ದಂಡ, ಆಮೇಲೆ ಮುಂದಿನ ಸೆಮಿಸ್ಟರಿನ ರಿಜಿಸ್ಟ್ರೇಷನ್ನಿಗೇ ತಡೆ. ಕ್ಲಾಸಿಗೆ ಚಕ್ಕರ್ ಹಾಕಿದರೆ ಒಬ್ಬ ಮೇಷ್ಟ್ರು ಬೈಯಬಹುದು ಅಷ್ಟೇ. ಚಾಪೆಲ್‌ಗೆ ಚಕ್ಕರ್ ಹಾಕಿದರೆ ಇಡೀ ಆಫೀಸೇ ಎಚ್ಚರವಾಗುತ್ತದೆ.

ಒಳಗೆ ಏನಾಗುತ್ತದೆ ಅಂತೀರಾ? ಹಿಂದಿನ ಸಾಲುಗಳು ಮೊದಲು ತುಂಬುತ್ತವೆ. ಒಬ್ಬಳು ಮಡಿಲಲ್ಲಿ ಲ್ಯಾಬ್ ರೆಕಾರ್ಡ್ ಬರೆಯುತ್ತಿರುತ್ತಾಳೆ, ಇನ್ನೊಬ್ಬ ಹಾಡಿನ ಪುಸ್ತಕದೊಳಗೆ ಫೋನ್ ಇಟ್ಟುಕೊಂಡಿರುತ್ತಾನೆ, ಮೂರನೆಯವನು ನಿದ್ದೆಯಲ್ಲೇ ತಲೆ ಬಗ್ಗಿಸಿರುವುದು ಪ್ರಾರ್ಥನೆಯಂತೆಯೇ ಕಾಣುತ್ತದೆ, ಹಾಗಾಗಿ ಅವನನ್ನು ಯಾರೂ ಎಬ್ಬಿಸುವುದಿಲ್ಲ. ಕೊನೆಯ ಆಶೀರ್ವಾದ ಇನ್ನೂ ಮುಗಿದಿರುವುದಿಲ್ಲ, ಹಾಲ್ ತುಂಬ ಬ್ಯಾಗಿನ ಜಿಪ್ ಎಳೆಯುವ ಸದ್ದು. ವೇದಿಕೆಯ ಮೇಲೆ ಮಾತಾಡಲು ಬಂದವರ ಮುಖ ನೋಡಿ ಎಷ್ಟೋ ಸಲ ಪಾಪ ಅನ್ನಿಸಿದೆ. ಕೆಲವರು ನಿಜವಾಗಿಯೂ ಒಳ್ಳೆಯ ಮಾತುಗಾರರು.

ನಾನು ಕ್ರಿಶ್ಚಿಯನ್ ಅಲ್ಲ, ಅದಕ್ಕೇ ಹೀಗೆ ಬರೆಯುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಹುದು. ಆದರೆ ನನಗಿಂತ ಜಾಸ್ತಿ ಸಿಟ್ಟು ಇದ್ದದ್ದು ನನ್ನ ರೂಮ್‌ಮೇಟ್‌ಗೆ. ಅವನು ದಿನಾ ಎಲ್ಲರಿಗಿಂತ ಮೊದಲು ಎದ್ದು ಬೈಬಲ್ ಓದುವವನು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು. ಅದ್ಯಾವುದೂ ಸ್ಕ್ಯಾನರ್ ಲೆಕ್ಕಕ್ಕೆ ಬರುವುದಿಲ್ಲ. ಜ್ವರದಲ್ಲಿ ಮಲಗಿ ಡಾಕ್ಟರ್ ಚೀಟಿ ತರಲಾಗದೆ ಒಮ್ಮೆ ದಂಡ ಕಟ್ಟಿದ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ತೆಗೆದು ತೋರಿಸುತ್ತಿದ್ದ. ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೋ ಅಂತ ಯೇಸುವೇ ಅಲ್ಲಿ ಹೇಳುತ್ತಾನೆ. ನಮ್ಮ ಹಾಸ್ಟೆಲಿನಲ್ಲಿ ಬಾಗಿಲಿನ ಬಗ್ಗೆ ಇದ್ದ ಒಂದೇ ನಿಯಮ ಅಂದರೆ, ಹುಡುಗಿಯರು ಭೇಟಿಗೆ ಬಂದಾಗ ಅದು ಪೂರ್ತಿ ತೆರೆದಿರಬೇಕು ಅನ್ನೋದು.

‘ಇದು ನಮ್ಮ ಪರಂಪರೆ’ ಅನ್ನುವುದು ಆಫೀಸಿನವರ ಸಿದ್ಧ ಉತ್ತರ. ಪರಂಪರೆಯ ಮಾತೇ ಆದರೆ ಹಾರ್ವರ್ಡ್ ಶುರುವಾಗಿದ್ದು 1636ರಲ್ಲಿ, ಪಾದ್ರಿಗಳನ್ನು ತಯಾರು ಮಾಡುವುದೂ ಅದರ ಉದ್ದೇಶವಾಗಿತ್ತು. ಅಲ್ಲಿ ಕಡ್ಡಾಯ ಚಾಪೆಲ್ 1886ರಲ್ಲೇ ನಿಂತಿತು. ಯೇಲ್‌ನಲ್ಲಿ 1926ರಲ್ಲಿ. ಹಾಗಂತ ಹಾರ್ವರ್ಡ್‌ನಲ್ಲಿ ಪ್ರಾರ್ಥನೆಯೇನೂ ನಿಂತುಹೋಗಲಿಲ್ಲ, ಬೆಳಗಿನ ಪ್ರಾರ್ಥನೆ ಈಗಲೂ ನಡೆಯುತ್ತದೆ, ಇಷ್ಟ ಇದ್ದವರು ಹೋಗುತ್ತಾರೆ. ಇನ್ನು ಅಮೆರಿಕದ ವೀಟನ್ ಅನ್ನುವ ಕಟ್ಟುನಿಟ್ಟಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಡಾನ್ಸ್ ಮಾಡಬಾರದು ಅನ್ನುವ ನಿಯಮ ಸಡಿಲವಾಗಿದ್ದೇ 2003ರಲ್ಲಿ. ಅಂದರೆ ಇಂಥ ನಿಯಮಗಳು ಬದಲಾಗುತ್ತವೆ, ನಿಧಾನಕ್ಕೆ. ನಮ್ಮ ಕಡೆ ಬದಲಾಗಿದ್ದು ಸ್ಕ್ಯಾನರಿನ ಮಾಡೆಲ್ ಮಾತ್ರ.

ಇಷ್ಟೆಲ್ಲ ಬೈದ ಮೇಲೆ ಒಂದು ವಿಷಯ ಹೇಳಲೇಬೇಕು. ಎರಡನೇ ವರ್ಷದಿಂದ ನಾನು ಸಂಜೆ ಹೊತ್ತು ಅದೇ ಚಾಪೆಲ್‌ಗೆ ನಾನಾಗಿಯೇ ಹೋಗತೊಡಗಿದೆ. ಸಂಜೆ ಸ್ಕ್ಯಾನರ್ ಆಫ್ ಇರುತ್ತದೆ. ಸಂಗೀತ ವಿಭಾಗದ ಒಬ್ಬಳು ಆರ್ಗನ್, ಅಂದರೆ ಪೈಪುಗಳಲ್ಲಿ ಗಾಳಿ ಹಾಯಿಸಿ ನುಡಿಸುವ ದೊಡ್ಡ ವಾದ್ಯ, ಪ್ರಾಕ್ಟೀಸ್ ಮಾಡುತ್ತಿದ್ದಳು, ಶೂ ಬದಲಾಯಿಸಿ ಬೇರೆಯೇ ತೆಳು ಅಟ್ಟೆಯ ಶೂ ಹಾಕಿಕೊಂಡು, ಯಾಕೆಂದರೆ ಆರ್ಗನ್‌ನಲ್ಲಿ ಕಾಲಿಗೂ ಸ್ವರದ ಪಟ್ಟಿಗಳಿರುತ್ತವೆ. ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಿದ್ದಳು. ಅದೇ ಜಾಗದಲ್ಲಿ ತಪ್ಪುತ್ತಿದ್ದಳು, ಮತ್ತೆ ಶುರು. ದಪ್ಪ ಪೈಪಿನ ಸ್ವರ ಹೊರಟಾಗ ಕೂತ ಬೆಂಚು ಸಣ್ಣಗೆ ನಡುಗುವುದು ಬೆನ್ನಿಗೆ ಗೊತ್ತಾಗುತ್ತದೆ. ನಾನು ಮೂರನೇ ಕಿಟಕಿಯ ಪಕ್ಕ ಕೂತು ಅಸೈನ್‌ಮೆಂಟ್ ಬರೆಯುತ್ತಿದ್ದೆ. ಲೈಬ್ರರಿಗಿಂತ ಅಲ್ಲೇ ಚೆನ್ನಾಗಿ ಓದಲಾಗುತ್ತಿತ್ತು. ಇಂಥ ಜಾಗಕ್ಕೆ ಜನರನ್ನು ಎಳೆದು ತರಲು ದಂಡ ಬೇಕಾ ಹೇಳಿ?

ಕಡ್ಡಾಯ ಬೈಬಲ್ ಪೇಪರ್ ಬಗ್ಗೆಯೂ ಸೇರುವಾಗ ಗೊಣಗಿದ್ದೆ. ಅದು ಚೆನ್ನಾಗಿತ್ತು, ನಿಜಕ್ಕೂ. ಯೋಬನ ಗ್ರಂಥ ಓದಿಸಿದ ಮೇಡಂ ಎರಡು ವಾರ ನಮ್ಮನ್ನು ಜಗಳವಾಡಲು ಬಿಟ್ಟರು. ಯೋಬ ಏನೂ ತಪ್ಪು ಮಾಡದೆಯೂ ಕಷ್ಟಕ್ಕೆ ಸಿಕ್ಕಿಬಿದ್ದ ಮನುಷ್ಯ, ದೇವರನ್ನೇ ‘ಯಾಕೆ’ ಅಂತ ಕೇಳುತ್ತಾನೆ. ಸಮಾಧಾನ ಹೇಳಲು ಬಂದ ಗೆಳೆಯರು ದೇವರ ಪರ ವಕಾಲತ್ತು ವಹಿಸುತ್ತಾರೆ, ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಈ ಪೇಪರಿನಲ್ಲಿ ನಾನು ನಂಬುವುದಿಲ್ಲ ಅಂತ ಬರೆದರೂ ಮಾರ್ಕ್ಸ್ ಕಟ್ ಆಗಲಿಲ್ಲ, ವಾದ ಸರಿಯಿಲ್ಲದ ಕಡೆ ಕಟ್ ಆಯಿತು. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿರುವ ವಿದ್ಯಾರ್ಥಿ ವಿಭಾಗದಲ್ಲಿ ಮಾತ್ರ ‘ಯಾಕೆ’ ಅಂದರೆ ನಿಯಮಗಳ ಕೈಪಿಡಿಯ ಪುಟ ತೆಗೆದು ತೋರಿಸುತ್ತಾರೆ.

ಫೀಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪಟ್ಟಿಯಲ್ಲಿರುವ ಫೀಸು ನೋಡಿ ಹೆದರಬೇಡಿ, ಸೇರುವಾಗಲೇ ಸ್ಕಾಲರ್‌ಶಿಪ್ ಹೆಸರಲ್ಲಿ ಇಳಿಸುತ್ತಾರೆ. ಆದರೆ ಆ ಮೊತ್ತ ನನಗೆ ಕೊನೆಯವರೆಗೂ ಅಷ್ಟೇ ಇತ್ತು, ಫೀಸು ಮಾತ್ರ ಪ್ರತಿ ವರ್ಷ ಏರಿತು. ಮೊದಲ ವರ್ಷ ಅರ್ಧಕ್ಕೆ ಅರ್ಧ ಉಳಿದ ಹಾಗೆ ಕಂಡದ್ದು ಕೊನೆಯ ವರ್ಷ ಹಾಗೆ ಕಾಣಲಿಲ್ಲ. ಗ್ರೇಡ್ ಕುಸಿದರೆ ಅದೂ ಇಲ್ಲ. ಸಾಲ ಮಾಡಿ ಓದಿದ ನನ್ನಂಥವರಿಗೆ ಇದು ಚಾಪೆಲ್ ದಂಡಕ್ಕಿಂತ ದೊಡ್ಡ ಹೊಡೆತ. ಸಿಟ್ಟು ಬಂದದ್ದು ಮಾತ್ರ ದಂಡಕ್ಕೇ, ಏನು ಮಾಡೋಣ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಚಿಕ್ಕ ಕ್ಲಾಸು, ಹೆಸರು ಹಿಡಿದು ಕರೆಯುವ ಮೇಷ್ಟ್ರುಗಳು ಬೇಕು ಅನ್ನುವವರಿಗೆ ಒಳ್ಳೆಯ ಜಾಗ. ರಾತ್ರಿ ಎಷ್ಟು ಹೊತ್ತಿಗಾದರೂ ರೂಮಿಗೆ ಬರುತ್ತೇನೆ ಅನ್ನುವವರಿಗೆ ಅಲ್ಲ. ಚಿಕ್ಕಮ್ಮನ ಮಗಳು ಈಗ ಅಲ್ಲಿಗೇ ಅರ್ಜಿ ಹಾಕುತ್ತಿದ್ದಾಳೆ. ಸಹಿ ಹಾಕುವ ಮೊದಲು ಕೈಪಿಡಿ ಪೂರ್ತಿ ಓದು, ಸ್ಕಾಲರ್‌ಶಿಪ್ ಫೀಸಿನ ಜೊತೆ ಏರುತ್ತದಾ ಅಂತ ಈಮೇಲ್‌ನಲ್ಲೇ ಕೇಳು, ಬಾಯಿಮಾತಿನ ಉತ್ತರ ತಗೋಬೇಡ ಅಂತ ಅವಳಿಗೆ ಹೇಳಿದ್ದೇನೆ. ಬೆಳಗಿನ ಮೊದಲ ಪೀರಿಯಡ್‌ಗೆ ಕಷ್ಟದ ಪೇಪರ್ ಇಟ್ಟುಕೊಳ್ಳಬೇಡ ಅಂತಲೂ ಹೇಳಿದೆ, ಯಾಕೆಂದರೆ ಅದು ಮುಗಿದ ತಕ್ಷಣ ಚಾಪೆಲ್‌ಗೆ ಓಡಬೇಕು.