ದೀರ್ಘಕಾಲದ ಮೈಗ್ರೇನ್: ಸಿಟಿ, ಎಂಆರ್‌ಐ, ಫಂಕ್ಷನಲ್ ಎಂಆರ್‌ಐ ಮತ್ತು ಒಂದು ನೋಟ್‌ಬುಕ್

ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ದಿನ ತಲೆನೋವು ಕಾಡುತ್ತಿದ್ದ ಕಾಲದಲ್ಲಿ ನಾನು ಒಮ್ಮೆ ಸಿಟಿ ಸ್ಕ್ಯಾನ್‌ಗೆ, ಎರಡು ಸಲ ಎಂಆರ್‌ಐಗೆ, ಬಳಿಕ ಒಂದು ಸಂಶೋಧನೆಯಲ್ಲಿ ಸ್ವಇಚ್ಛೆಯಿಂದ ಪಾಲ್ಗೊಂಡು ಫಂಕ್ಷನಲ್ ಎಂಆರ್‌ಐಗೆ ತಲೆಯೊಡ್ಡಿದ್ದೇನೆ. ನನ್ನ ಚಿಕಿತ್ಸೆ ಫಲಿಸುತ್ತಿದೆಯೇ ಎಂಬ ಒಂದೇ ಪ್ರಶ್ನೆಯನ್ನು ಇವೆಲ್ಲವುಗಳ ಮುಂದಿಟ್ಟಿದ್ದರಿಂದ, ಅದೇ ಅಳತೆಗೋಲಿನಿಂದ ಅವುಗಳನ್ನು ಇಲ್ಲಿ ಹೋಲಿಸುತ್ತಿದ್ದೇನೆ.

ಸಿಟಿ ಸ್ಕ್ಯಾನ್ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ತಲೆಯೊಳಗೆ ರಕ್ತಸ್ರಾವವಾಗಿದೆಯೇ ಎಂದು ತುರ್ತಾಗಿ ತಿಳಿಯಲು ಅದಕ್ಕೆ ಸಾಟಿಯಿಲ್ಲ. ಆದರೆ ಅದರಲ್ಲಿ ಕ್ಷ-ಕಿರಣಗಳ ವಿಕಿರಣವಿದೆ, ಮೈಗ್ರೇನಿನ ಬಗ್ಗೆ ಅದು ಹೇಳುವುದೂ ಏನಿಲ್ಲ.

ಎಂಆರ್‌ಐಯಲ್ಲಿ ವಿಕಿರಣವಿಲ್ಲ, ಮಿದುಳಿನ ಅಂಗಾಂಶ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಿ, ಆ ಯಂತ್ರದ ಬಡಿತವನ್ನು ಕೇಳಬೇಕು. ಸದ್ದೇ ಹಿಂಸೆಯಾಗುವ ರೋಗಿಗೆ ನೋವಿಲ್ಲದ ದಿನವನ್ನು ಆರಿಸಿಕೊಳ್ಳುವುದು ಒಳಿತು. ನನ್ನ ಮೊದಲ ವರದಿಯಲ್ಲಿ ಶ್ವೇತದ್ರವ್ಯದಲ್ಲಿ (ಮಿದುಳಿನ ಭಾಗಗಳನ್ನು ಬೆಸೆಯುವ ನರತಂತುಗಳ ಪದರ) ಕೆಲವು ಸಣ್ಣ ಬಿಳಿ ಚುಕ್ಕೆಗಳಿವೆ ಎಂದು ಬರೆದಿತ್ತು. ಆ ಒಂದು ಸಾಲು ಹಲವು ರಾತ್ರಿಗಳ ನಿದ್ದೆಗೆಡಿಸಿತು. ಮೈಗ್ರೇನ್ ಇರುವವರಲ್ಲಿ ಇಂಥ ಚುಕ್ಕೆಗಳು ಅಪರೂಪವಲ್ಲವೆಂದು ನರರೋಗ ತಜ್ಞರು ಸಮಾಧಾನವಾಗಿ ವಿವರಿಸಿದರು. ಒಂಬತ್ತು ವರ್ಷ ರೋಗಿಗಳನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ, ಮೈಗ್ರೇನ್ ಇರುವ ಮಹಿಳೆಯರಲ್ಲಿ ಚುಕ್ಕೆಗಳು ಹೆಚ್ಚಿದ್ದು ಕಂಡರೂ, ಆ ಹೆಚ್ಚಳಕ್ಕೂ ನೋವು ಎಷ್ಟು ಸಲ ಬಂತೆಂಬುದಕ್ಕೂ ಸಂಬಂಧ ಕಾಣಲಿಲ್ಲ. ನನ್ನ ಅನುಭವವೂ ಹಾಗೆಯೇ: ಒಂದು ವರ್ಷದ ಚಿಕಿತ್ಸೆಯ ನಂತರ ನೋವು ಅರ್ಧಕ್ಕಿಳಿದಿದ್ದಾಗ ಮಾಡಿಸಿದ ಎರಡನೆಯ ಎಂಆರ್‌ಐಯಲ್ಲಿ ಅವೇ ಚುಕ್ಕೆಗಳು ಇದ್ದಲ್ಲೇ ಇದ್ದವು.

ಫಂಕ್ಷನಲ್ ಎಂಆರ್‌ಐ ಇವೆಲ್ಲಕ್ಕಿಂತ ನನ್ನನ್ನು ಸೆಳೆಯಿತು, ಇಂದಿಗೂ ಸೆಳೆಯುತ್ತದೆ. ಅದು ರಕ್ತದಲ್ಲಿನ ಆಮ್ಲಜನಕದ ಏರಿಳಿತದಿಂದ ಮಿದುಳಿನ ಯಾವ ಭಾಗ ಚುರುಕಾಗಿದೆಯೆಂದು ಊಹಿಸುತ್ತದೆ. ಮೈಗ್ರೇನ್ ಕೇವಲ ರಕ್ತನಾಳಗಳ ಕಾಯಿಲೆಯಲ್ಲವೆಂದು ಮನಗಾಣಿಸಿದ್ದರಲ್ಲಿ ಇಂಥ ಚಿತ್ರಗಳ ಪಾಲು ದೊಡ್ಡದು. ಮಿದುಳಿನ ಚಟುವಟಿಕೆಯನ್ನು ತೋರಿಸುವ ಇನ್ನೊಂದು ಬಗೆಯ ಸ್ಕ್ಯಾನ್ ಆದ ಪಿಇಟಿ ಬಳಸಿದ 1995ರ ಅಧ್ಯಯನವೊಂದರಲ್ಲಿ, ಸುಮಾಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧ ನೋವನ್ನು ಇಳಿಸಿದ ಮೇಲೂ ಮಿದುಳುಕಾಂಡದ ಚಟುವಟಿಕೆ ಮುಂದುವರಿದಿತ್ತು. 2016ರಲ್ಲಿ ಒಬ್ಬರೇ ರೋಗಿಯನ್ನು ಮೂವತ್ತು ದಿನ ಪ್ರತಿದಿನ ಸ್ಕ್ಯಾನ್ ಮಾಡಿದಾಗ, ನೋವು ಶುರುವಾಗುವ ಹಿಂದಿನ ದಿನವೇ ನಿದ್ದೆ, ಹಸಿವುಗಳನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೊಥಾಲಮಸ್ ಎಚ್ಚೆತ್ತಿದ್ದು ಕಂಡಿತು. ನೋವು ಬರುವ ಮುಂಚೆ ಆಕಳಿಕೆ, ಕಿರಿಕಿರಿ, ಏನೋ ತಿನ್ನಬೇಕೆಂಬ ಹಂಬಲ ಏಕೆ ಬರುತ್ತವೆಂಬುದಕ್ಕೆ ಇದರಲ್ಲಿ ಒಂದು ವಿವರಣೆ ಸಿಕ್ಕಂತೆ ನನಗನಿಸಿತು. ಆದರೆ ಚಿಕಿತ್ಸೆಯ ಮೊದಲು ಮತ್ತು ನಂತರದ ನನ್ನ ಚಿತ್ರಗಳ ಅರ್ಥವೇನೆಂದು ಕೇಳಿದಾಗ, ಗುಂಪಿನ ಸರಾಸರಿಯಲ್ಲಿ ಕಾಣುವ ಬದಲಾವಣೆಯನ್ನು ಒಬ್ಬ ರೋಗಿಯ ಮೇಲೆ ಹೇರಲಾಗದೆಂದು ಸಂಶೋಧಕರು ನೇರವಾಗಿ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಋಣಿ.

ಉತ್ತರ ಕೊಟ್ಟದ್ದು ಪ್ರತಿ ರಾತ್ರಿ ಮೂರು ಸಾಲು ಬರೆಯುತ್ತಿದ್ದ ನೋಟ್‌ಬುಕ್: ನೋವಿತ್ತೇ, ಎಷ್ಟು ತೀವ್ರ, ಯಾವ ಮಾತ್ರೆ. ತಿಂಗಳಿಗೆ ಹದಿನೈದು ದಿನ ತಲೆನೋವು, ಅದರಲ್ಲಿ ಎಂಟು ದಿನವಾದರೂ ಮೈಗ್ರೇನಿನ ಲಕ್ಷಣ, ಮೂರು ತಿಂಗಳು ಮೀರಿ ಹೀಗೇ ಇದ್ದರೆ ದೀರ್ಘಕಾಲದ ಮೈಗ್ರೇನ್ ಎನ್ನುವ ಅಂತರರಾಷ್ಟ್ರೀಯ ವರ್ಗೀಕರಣವೂ ನಿಂತಿರುವುದು ಎಣಿಕೆಯ ಮೇಲೆಯೇ. ನಾನು ಟ್ರಿಪ್ಟಾನ್ (ಸುಮಾಟ್ರಿಪ್ಟಾನ್ ಸೇರಿದ ಔಷಧಗಳ ಗುಂಪು) ಮಾತ್ರೆಯನ್ನು ತಿಂಗಳಿಗೆ ಹತ್ತು ದಿನಗಳಿಗೂ ಮೀರಿ ನುಂಗುತ್ತಿದ್ದೇನೆ, ಆ ಅತಿಬಳಕೆಯೇ ತಲೆನೋವನ್ನು ಬೆಳೆಸುತ್ತಿರಬಹುದು ಎಂಬುದು ಹೊರಬಿದ್ದದ್ದು ಆ ನೋಟ್‌ಬುಕ್ಕಿನಿಂದ. ಮೈಗ್ರೇನ್ ಬಾರದಂತೆ ತಡೆಯಲು ಕೊಡುವ ಟೋಪಿರಾಮೇಟ್ ಸೇವಿಸುತ್ತಿದ್ದಾಗ ಮಾತನಾಡುವಾಗ ಪದಗಳು ನೆನಪಿಗೆ ಬಾರದ ದಿನಗಳೂ ಅದರಲ್ಲೇ ದಾಖಲಾದವು. ಆ ಮಾತ್ರೆಯನ್ನು ನಿಲ್ಲಿಸಿ ಹನ್ನೆರಡು ವಾರಗಳಿಗೊಮ್ಮೆ, ತಲೆ ಮತ್ತು ಕುತ್ತಿಗೆಯ 31 ಕಡೆ, ಒಟ್ಟು 155 ಯೂನಿಟ್ ಬೊಟುಲಿನಮ್ ಟಾಕ್ಸಿನ್ (ಬೊಟಾಕ್ಸ್) ಚುಚ್ಚುಮದ್ದು ಶುರುಮಾಡಿದ ಮೇಲೆ ನೋವಿನ ದಿನಗಳು ಇಪ್ಪತ್ತೆರಡರಿಂದ ಹತ್ತಕ್ಕೆ ಇಳಿದವು.

ಹಾಗೆಂದು ಸ್ಕ್ಯಾನ್ ಬೇಡವೆಂದಲ್ಲ. ಸಿಡಿಲಿನಂತೆ ಒಮ್ಮೆಲೇ ಎರಗುವ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಕಾಣಿಸಿಕೊಂಡ ತಲೆನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಕೈಕಾಲಿನ ಬಲಹೀನತೆ ಅಥವಾ ನೋವಿನ ಸ್ವರೂಪವೇ ಬದಲಾದದ್ದು ಕಂಡರೆ, ನೋಟ್‌ಬುಕ್ಕನ್ನು ಬದಿಗಿಟ್ಟು ತಡಮಾಡದೆ ವೈದ್ಯರ ಬಳಿ ಹೋಗಬೇಕು.