ಅಭ್ಯರ್ಥಿಯ ವಿವರ ಮೈನೇತಾದಲ್ಲಿದೆ, ಪಕ್ಷದ್ದು ಎಲ್ಲಿದೆ?

ಹಾಸನದಲ್ಲಿ ನಂದೊಂದು ಜೆರಾಕ್ಸ್ ಅಂಗಡಿ. ಪಹಣಿ, ಜಾತಿ ಆದಾಯ ಪ್ರಮಾಣಪತ್ರದ ಅರ್ಜಿ, ಹಾಲ್ ಟಿಕೆಟ್ ಎಲ್ಲಾ ತೆಗೆದುಕೊಡುತ್ತೇನೆ. ಚುನಾವಣೆ ಹತ್ತಿರ ಬಂದರೆ ಕೆಲವರು ಅಭ್ಯರ್ಥಿಗಳ ಅಫಿಡವಿಟ್ ಕೇಳಿಕೊಂಡೂ ಬರುತ್ತಾರೆ. ಅದಕ್ಕೆ ನಾನು ತೆರೆಯುವುದು ಮೈನೇತಾ ಡಾಟ್ ಇನ್ಫೋ ಅನ್ನುವ ವೆಬ್‌ಸೈಟ್. ವರ್ಷಗಳಿಂದ ಬಳಸುತ್ತಿದ್ದೇನೆ, ಅದರ ಬಗ್ಗೆ ಬರೆಯಲೇಬೇಕು ಅನಿಸಿದೆ.

ಇದನ್ನು ನಡೆಸುವುದು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಸಂಸ್ಥೆ. 1999ರಲ್ಲಿ ಅಹಮದಾಬಾದ್ ಐಐಎಂನ ಪ್ರಾಧ್ಯಾಪಕರು ಕಟ್ಟಿದ್ದು. ಅವರು ಕೋರ್ಟಿಗೆ ಹೋದ ಮೇಲೆಯೇ ಅಭ್ಯರ್ಥಿಗಳು ತಮ್ಮ ಕೇಸು, ಆಸ್ತಿ, ಸಾಲ ಎಲ್ಲಾ ಬರೆದುಕೊಡಬೇಕು ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚುನಾವಣಾ ಆಯೋಗದಲ್ಲಿ ಸಿಗುವುದು ಆ ಅಫಿಡವಿಟ್‌ನ ಸ್ಕ್ಯಾನ್ ಪ್ರತಿ. ಮೈನೇತಾ ಅದನ್ನೇ ಓದಿ ಕೋಷ್ಟಕ ಮಾಡಿಡುತ್ತದೆ. ಚುನಾವಣೆ, ಜಿಲ್ಲೆ, ಕ್ಷೇತ್ರ ಆರಿಸಿ ಹೆಸರಿನ ಮೇಲೆ ಒತ್ತಿದರೆ ಸಾಕು. ಯಾವ ಸೆಕ್ಷನ್, ಯಾವ ಕೋರ್ಟ್, ಆರೋಪ ನಿಗದಿ ಆಗಿದೆಯೋ ಇಲ್ಲವೋ, ಶಿಕ್ಷೆ ಆಗಿದೆಯೋ, ಎಲ್ಲಾ ಬೇರೆಬೇರೆ ಕಾಣುತ್ತದೆ. ದುಡ್ಡು ಕೇಳುವುದಿಲ್ಲ. ಪುಟಗಳು ಇಂಗ್ಲಿಷ್‌ನಲ್ಲಿವೆ, ಹಾಗಾಗಿ ಪಕ್ಕದಲ್ಲಿ ಕೂತು ನಾನೇ ಓದಿ ಹೇಳುತ್ತೇನೆ. 2024ರ ಲೋಕಸಭೆಗೆ ಗೆದ್ದ 543 ಜನರಲ್ಲಿ 251 ಮಂದಿ ಕ್ರಿಮಿನಲ್ ಕೇಸ್ ಇದೆ ಎಂದು ತಾವೇ ಬರೆದುಕೊಟ್ಟಿದ್ದಾರೆ. ಈ ಲೆಕ್ಕ ನಮಗೆ ಸಿಕ್ಕಿದ್ದೂ ಇವರಿಂದಲೇ.

ಆದರೆ ಹಾಸನದವಳಾಗಿ ನನಗೆ ಬೇಕಾದ ಒಂದು ವಿಷಯ ಇಲ್ಲಿ ಸಿಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಇಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಇಲ್ಲಿನ ಸಂಸದ, ಜೆಡಿಎಸ್ ಅಭ್ಯರ್ಥಿ ಪ್ರಜ್ವಲ್ ರೇವಣ್ಣ ಹೆಂಗಸರ ಮೇಲೆ ದೌರ್ಜನ್ಯ ಮಾಡಿದ್ದು ಎನ್ನಲಾದ ವಿಡಿಯೊಗಳ ಪೆನ್‌ಡ್ರೈವ್ ಮತದಾನಕ್ಕೆ ಮೊದಲೇ ಊರಲ್ಲಿ ಓಡಾಡಿದವು. ನಮ್ಮಂಥ ಅಂಗಡಿಗೆ ದಿನಾ ಪೆನ್‌ಡ್ರೈವ್ ಬರುತ್ತವೆ. ಆ ವಾರ ಒಂದೊಂದನ್ನು ಕಂಪ್ಯೂಟರಿಗೆ ಹಾಕುವಾಗಲೂ ನನಗೆ ಭಯ. ಅದರಲ್ಲಿದ್ದ ಹೆಂಗಸರು ನಮ್ಮ ಸುತ್ತಮುತ್ತಲಿನವರೇ. ಅವರ ಮುಖ ಮುಚ್ಚುವಷ್ಟು ಕರುಣೆಯೂ ಹಂಚಿದವರಿಗೆ ಇರಲಿಲ್ಲ.

ದಿನಾಂಕಗಳನ್ನು ನೋಡಿ. ಮತದಾನ ಏಪ್ರಿಲ್ 26. ಹೊಳೆನರಸೀಪುರದಲ್ಲಿ ಮೊದಲ ಎಫ್‌ಐಆರ್ ಏಪ್ರಿಲ್ 28. ಜೆಡಿಎಸ್ ಪ್ರಜ್ವಲ್ ರೇವಣ್ಣರನ್ನು ಅಮಾನತು ಮಾಡಿದ್ದು ಏಪ್ರಿಲ್ 30, ಅಂದರೆ ನಾವು ವೋಟು ಹಾಕಿ ನಾಲ್ಕು ದಿನ ಆದ ಮೇಲೆ. 2023ರ ಡಿಸೆಂಬರ್‌ನಲ್ಲೇ ಈ ವಿಡಿಯೊಗಳ ಬಗ್ಗೆ ತಮ್ಮ ಪಕ್ಷದ ರಾಜ್ಯಾಧ್ಯಕ್ಷರಿಗೆ ಪತ್ರ ಬರೆದು ಎಚ್ಚರಿಸಿದ್ದೆ ಎಂದು ಬಿಜೆಪಿಯ ದೇವರಾಜೇಗೌಡರು ಆಮೇಲೆ ಹೇಳಿದರು. ಆಗ ಬಿಜೆಪಿ, ಜೆಡಿಎಸ್ ಎರಡೂ ಮೈತ್ರಿಯಲ್ಲಿದ್ದವು. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಏಪ್ರಿಲ್ 26ರಂದು ಯಾರಾದರೂ ಮೈನೇತಾ ತೆರೆದಿದ್ದರೂ ಈ ವಿಷಯ ಕಾಣಲು ಸಾಧ್ಯವೇ ಇರಲಿಲ್ಲ. ಕೇಸ್ ಆಗದಿದ್ದರೆ ಅಫಿಡವಿಟ್‌ನಲ್ಲಿ ಬರುವುದಿಲ್ಲ, ಅಲ್ವಾ? ಕೇಸಿಗೆ ಮೊದಲೇ ಗೊತ್ತಾಗಬಹುದಾದ ಜಾಗ ಪಕ್ಷವೇ.

ಇದು ಒಂದೇ ಪಕ್ಷದ ಕಥೆಯೂ ಅಲ್ಲ. 2012ರ ಫೆಬ್ರವರಿಯಲ್ಲಿ ಸದನದೊಳಗೆ ಮೊಬೈಲ್‌ನಲ್ಲಿ ಅಶ್ಲೀಲ ವಿಡಿಯೊ ನೋಡಿದ ಆರೋಪದಲ್ಲಿ ಬಿಜೆಪಿಯ ಮೂವರು ಸಚಿವರು ರಾಜೀನಾಮೆ ಕೊಟ್ಟರು. ತಾವು ತಪ್ಪು ಮಾಡಿಲ್ಲ ಎಂದೇ ಹೇಳಿದರು. ಆ ಮೂವರಲ್ಲಿ ಒಬ್ಬರಾದ ಲಕ್ಷ್ಮಣ ಸವದಿ 2018ರಲ್ಲಿ ಸೋತರೂ 2019ರಲ್ಲಿ ಉಪಮುಖ್ಯಮಂತ್ರಿ ಆದರು. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದಿದ್ದಾಗ ಕಾಂಗ್ರೆಸ್ ಕರೆದು ಟಿಕೆಟ್ ಕೊಟ್ಟಿತು, ಅಥಣಿಯಲ್ಲಿ ಗೆದ್ದರು. ಎರಡು ಪಕ್ಷಗಳಲ್ಲಿ ಯಾವುದಾದರೂ ಒಂದು, 2012ರ ವಿಷಯ ನಾವು ಹೀಗೆ ವಿಚಾರಿಸಿದೆವು, ಇದು ನಮ್ಮ ತೀರ್ಮಾನ ಅಂತ ಮತದಾರರ ಮುಂದೆ ಬಿಡಿಸಿ ಹೇಳಬೇಕಿತ್ತು. ಅದೇ, ಪಕ್ಷದ ನಾಯಕರನ್ನು ಬಹಿರಂಗವಾಗಿ ಟೀಕಿಸಿದ ಬಸನಗೌಡ ಪಾಟೀಲ ಯತ್ನಾಳರನ್ನು 2025ರ ಮಾರ್ಚ್‌ನಲ್ಲಿ ಬಿಜೆಪಿ ಆರು ವರ್ಷಕ್ಕೆ ಉಚ್ಚಾಟಿಸಿತು. ಮನಸ್ಸು ಮಾಡಿದರೆ ಪಕ್ಷಗಳಿಗೆ ಕ್ರಮ ತೆಗೆದುಕೊಳ್ಳಲು ಬರುತ್ತದೆ.

ಹಾಗಾದರೆ ಪಕ್ಷವನ್ನು ಕೇಳಲು ದಾರಿಯೇ ಇಲ್ವಾ? ಇದೆ. ಅದರ ಹೆಸರು ಸಿ-7 ನಮೂನೆ. ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ, ಯಾಕೆ ಕೊಟ್ಟೆವು, ಕೇಸ್ ಇಲ್ಲದವರು ಯಾಕೆ ಸಿಗಲಿಲ್ಲ ಅಂತ ಆಯ್ಕೆ ಮಾಡಿದ 48 ಗಂಟೆಯೊಳಗೆ ಪಕ್ಷ ಪ್ರಕಟಿಸಬೇಕು. ಸ್ಥಳೀಯ ಭಾಷೆಯ ಒಂದು ಪತ್ರಿಕೆ, ಒಂದು ರಾಷ್ಟ್ರೀಯ ಪತ್ರಿಕೆ, ಪಕ್ಷದ ವೆಬ್‌ಸೈಟ್, ಫೇಸ್‌ಬುಕ್, ಟ್ವಿಟರ್, ಎಲ್ಲದರಲ್ಲೂ. ‘ಗೆಲ್ಲುತ್ತಾರೆ’ ಅನ್ನುವುದೊಂದೇ ಕಾರಣ ಆಗಬಾರದು. 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಇದು. ಬಿಹಾರ ಚುನಾವಣೆಯಲ್ಲಿ ಇದನ್ನು ಸರಿಯಾಗಿ ಪಾಲಿಸಲಿಲ್ಲ ಎಂದು 2021ರಲ್ಲಿ ಎಂಟು ಪಕ್ಷಗಳಿಗೆ ದಂಡ ಬಿತ್ತು. ಬಿಜೆಪಿ, ಕಾಂಗ್ರೆಸ್ ಸೇರಿ ಆರಕ್ಕೆ ತಲಾ 1 ಲಕ್ಷ, ಸಿಪಿಎಂ ಮತ್ತು ಎನ್‌ಸಿಪಿಗೆ ತಲಾ 5 ಲಕ್ಷ. ಚುನಾವಣೆಗೆ ಖರ್ಚಾಗುವ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಒಂದು ಪಕ್ಷದ ವೆಬ್‌ಸೈಟ್‌ನಲ್ಲಿ ಈ ನಮೂನೆ ಹುಡುಕಲು ನಾನು ಕೂತಾಗ ಅರ್ಧ ಮಧ್ಯಾಹ್ನ ಹೋಯಿತು. ಸಿಕ್ಕಿದ್ದು ಸ್ಕ್ಯಾನ್ ಮಾಡಿದ ಮಸುಕು ಹಾಳೆ. ಕಾರಣದ ಜಾಗದಲ್ಲಿ ಜನಪ್ರಿಯ, ಸಮಾಜಸೇವಕ, ರಾಜಕೀಯ ದ್ವೇಷದ ಕೇಸ್ ಅಂತ. ಹೆಸರು ಬದಲಾದರೂ ಅದೇ ಸಾಲುಗಳು. ನಮ್ಮ ಅಂಗಡಿಯಲ್ಲಿ ಯಾರಾದರೂ ಹೀಗೆ ಅರ್ಜಿ ತುಂಬಿದರೆ ನಾಡಕಚೇರಿಯವರು ವಾಪಸ್ ಕಳಿಸುತ್ತಾರೆ.

ಮೈನೇತಾಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ನನ್ನ ಕೋರಿಕೆ ಇಷ್ಟೇ: ಪ್ರತಿ ಹೆಸರಿನ ಪುಟದಲ್ಲೇ, ಕೇಸುಗಳ ಪಟ್ಟಿಯ ಪಕ್ಕದಲ್ಲಿ, ಪಕ್ಷ ಕೊಟ್ಟ ಸಿ-7 ಕಾರಣವನ್ನೂ ಕನ್ನಡದಲ್ಲಿ ಹಾಕಿ. ಅಮಾನತು ಮಾಡಿದ್ದು ಯಾವಾಗ, ವಾಪಸ್ ತೆಗೆದುಕೊಂಡಿದ್ದು ಯಾವಾಗ, ಆ ದಿನಾಂಕಗಳನ್ನೂ ಹಾಕಿ. ಕಾರಣ ಕೊಡದಿದ್ದರೆ ಆ ಜಾಗ ಖಾಲಿ ಬಿಡಿ, ಜನ ನೋಡಲಿ. ಅಲ್ಲಿಯವರೆಗೆ, ವೋಟು ಕೇಳಲು ಮನೆಗೆ ಬರುವ ಕಾರ್ಯಕರ್ತರ ಹತ್ತಿರ ಸಿ-7 ಎಲ್ಲಿ ಅಂತ ಕೇಳಿ. ಅಫಿಡವಿಟ್ ಬೇಕಾದ ಹೆಣ್ಣುಮಕ್ಕಳು ನಮ್ಮ ಅಂಗಡಿಗೆ ಬನ್ನಿ, ಅದರ ಪ್ರಿಂಟ್‌ಗೆ ನಾನು ದುಡ್ಡು ತಗೊಳ್ಳಲ್ಲ.