ಅವರೆಕಾಯಿ ಸುಲಿಯುತ್ತಾ ನೋಡಿದ್ದು: ‘ಮಾನ್‌ಸ್ಟರ್’, ‘ಡೆತ್ ನೋಟ್’

ಈ ಎರಡು ಜಪಾನಿ ಅನಿಮೇಶನ್ ಸರಣಿಗಳಲ್ಲಿ ನಮ್ಮ ಮನೆಯಲ್ಲಿ ಗೆದ್ದದ್ದು ‘ಮಾನ್‌ಸ್ಟರ್’. ಆದರೆ ನಾನು ದುಡ್ಡು ಕಟ್ಟಿದ್ದು ‘ಡೆತ್ ನೋಟ್’ ನೋಡಲಿಕ್ಕೆ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಜಪಾನಿನ ಅನಿಮೇಶನ್‌ನಲ್ಲಿ ಒಳ್ಳೆಯ ಸೈಕಲಾಜಿಕಲ್ ಥ್ರಿಲ್ಲರ್ ಬೇಕಾದರೆ ಅಲ್ಲಿಂದಲೇ ಶುರು ಮಾಡು ಅಂದರು. ಮೂರು ತಿಂಗಳ ಚಂದಾ ಒಟ್ಟಿಗೆ ಕಟ್ಟಿದರೆ ಸ್ವಲ್ಪ ಅಗ್ಗ ಅಂತ ಕಟ್ಟಿಯೂಬಿಟ್ಟೆ. ಹತ್ತನೇ ಕಂತಿನ ನಡುವೆ ಅಮ್ಮ ಎದ್ದು ಮಲಗಲು ಹೋದಳು.

ಅಮ್ಮನ ವಿಷಯ ಬಿಟ್ಟು ಈ ಹೋಲಿಕೆ ಮಾಡಲು ನನಗೆ ಬರುವುದಿಲ್ಲ. ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು ಒಂದು ಕಂತು ನೋಡುವುದು ನಮ್ಮ ರೂಢಿ. ಸಬ್‌ಟೈಟಲ್ ಇಂಗ್ಲಿಷಿನಲ್ಲಿ. ಅದು ಓಡುವ ವೇಗಕ್ಕೆ ಅಮ್ಮನಿಗೆ ಓದಲು ಆಗುವುದಿಲ್ಲ. ಜೊತೆಗೆ ಅವಳ ಕೈಯಲ್ಲಿ ಯಾವಾಗಲೂ ಏನಾದರೊಂದು ಕೆಲಸ ಇರುತ್ತದೆ, ಅವರೆಕಾಯಿ ಕಾಲದಲ್ಲಂತೂ ಕಣ್ಣು ಮೊರದ ಮೇಲೇ. ಹಾಗಾಗಿ ನಾನು ಓದಿಕೊಂಡು ಕೂಡಲೇ ಕನ್ನಡದಲ್ಲಿ ಹೇಳುತ್ತಾ ಹೋಗಬೇಕು.

‘ಡೆತ್ ನೋಟ್’ನಲ್ಲಿ ನಾನು ಸೋತದ್ದು ಇಲ್ಲೇ. ಶುರುವೇನೋ ಚೆನ್ನಾಗಿತ್ತು. ಒಂದು ಪುಸ್ತಕ, ಅದರಲ್ಲಿ ಯಾರದಾದರೂ ಹೆಸರು ಬರೆದರೆ 40 ಸೆಕೆಂಡಿನಲ್ಲಿ ಹೃದಯಾಘಾತ, ಬರೆಯುವವನಿಗೆ ಆ ಮನುಷ್ಯನ ಮುಖ ಗೊತ್ತಿರಬೇಕು, ಇಷ್ಟು ಹೇಳಿದ ಕೂಡಲೇ ಅಮ್ಮ, “ಅಂದ್ರೆ ಚಿತ್ರಗುಪ್ತನ ಪುಸ್ತಕ ಕಾಲೇಜು ಹುಡುಗನ ಕೈಗೆ ಸಿಕ್ಕಂಗಾಯ್ತು” ಅಂದಳು. ನಾನು ಹತ್ತು ವಾಕ್ಯದಲ್ಲಿ ವಿವರಿಸಬೇಕಿದ್ದದ್ದು ಒಂದರಲ್ಲೇ ಮುಗಿಯಿತು.

ಕಷ್ಟ ಶುರುವಾದದ್ದು ಪುಸ್ತಕ ಸಿಕ್ಕ ಹುಡುಗ ಲೈಟ್ ಮತ್ತು ಅವನನ್ನು ಹಿಡಿಯಲು ಹೊರಟ ಪತ್ತೇದಾರ ಎಲ್ ಎದುರುಬದುರಾದಾಗ. ಇಬ್ಬರೂ ಬಾಯಲ್ಲಿ ಒಂದು ಆಡುತ್ತಾರೆ, ಮನಸ್ಸಿನಲ್ಲಿ ಇನ್ನೊಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕವೆಲ್ಲ ಧ್ವನಿಯಾಗಿ ಕೇಳಿಸುತ್ತದೆ, ಸಬ್‌ಟೈಟಲ್ಲಾಗಿ ಓಡುತ್ತದೆ. ಹತ್ತನೇ ಕಂತಿನಲ್ಲಿ ಇಬ್ಬರೂ ಟೆನಿಸ್ ಆಡುತ್ತಾರೆ. ಲೈಟ್ ಗೆಲ್ಲಲು ಹೊರಟರೆ ಇವನೇ ಕೊಲೆಗಾರ ಎಂಬ ಅನುಮಾನ, ಬೇಕೆಂದು ಸೋತರೂ ಅನುಮಾನ. ಚೆಂಡು ಹಾರುತ್ತಿರುವಾಗಲೇ ಇವನು ಅವನ ಮನಸ್ಸು ಓದುತ್ತಾನೆ, ಅವನು ಓದುವುದನ್ನು ಇವನು ಊಹಿಸುತ್ತಾನೆ. “ಬಾಯೇ ಅಲ್ಲಾಡ್ತಿಲ್ಲ, ಯಾರು ಕಣೇ ಮಾತಾಡ್ತಿರೋದು?” ಅಂತ ಅಮ್ಮ. ನಾನು ನಿಲ್ಲಿಸಿ ಹೇಳಿದೆ. ಮತ್ತೆ ಓಡಿಸಿದೆ, ಮತ್ತೆ ನಿಲ್ಲಿಸಿದೆ. ಸುಮಾರು ಇಪ್ಪತ್ತಮೂರು ನಿಮಿಷದ ಕಂತಿಗೆ ಮುಕ್ಕಾಲು ಗಂಟೆ ದಾಟಿತು.

ಸಾಲದ್ದಕ್ಕೆ ಪ್ರತಿ ಕಂತಿನ ಮಧ್ಯೆ ಆ ಪುಸ್ತಕದ ನಿಯಮಗಳ ಪುಟ ಬೇರೆ ಬಂದು ಹೋಗುತ್ತದೆ. ಸಾವಿನ ಕಾರಣ ಬರೆದರೆ ಉಳಿದ ವಿವರ ಬರೆಯಲು 6 ನಿಮಿಷ 40 ಸೆಕೆಂಡು ಸಿಗುತ್ತದೆ ಎಂಬಂಥ ಮಾತುಗಳು. ಅವು ಮುಂದೆ ನಿಜವಾಗಿಯೂ ಬೇಕಾಗುವುದರಿಂದ ಬಿಡುವಂತಿಲ್ಲ. ನಾನು ಹೇಳಿ ಮುಗಿಸುವಷ್ಟರಲ್ಲಿ ಕಥೆ ಮುಂದಕ್ಕೆ ಹೋಗಿರುತ್ತಿತ್ತು. ಉಳಿದ 27 ಕಂತುಗಳನ್ನು ನಾನೊಬ್ಬಳೇ ಇಯರ್‌ಫೋನ್ ಹಾಕಿಕೊಂಡು ನೋಡಿದೆ. 25ನೇ ಕಂತಿನವರೆಗೆ ಬಿಗಿ ಸಡಿಲವಾಗಲಿಲ್ಲ. ಆಮೇಲೆ ಬರುವ ಹೊಸ ಪಾತ್ರಗಳು, ನಿಯರ್, ಮೆಲ್ಲೊ, ನನ್ನನ್ನು ಹಿಡಿಯಲಿಲ್ಲ.

‘ಮಾನ್‌ಸ್ಟರ್’ ಇದಕ್ಕಿಂತ ಹಳೆಯದು, 2004–05ರಲ್ಲಿ ಜಪಾನಿನಲ್ಲಿ ಪ್ರಸಾರವಾದದ್ದು. ಮಾಡಿದ್ದು ‘ಡೆತ್ ನೋಟ್’ ಮಾಡಿದ ಅದೇ ಮ್ಯಾಡ್‌ಹೌಸ್ ಸ್ಟುಡಿಯೊ, ನಿರ್ದೇಶಕ ಮಸಾಯುಕಿ ಕೊಜಿಮಾ. ಮೂಲ ನಾವೊಕಿ ಉರಾಸಾವಾ ಬರೆದು ಚಿತ್ರಿಸಿದ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್. ಕಥೆ ನಡೆಯುವುದು ಜರ್ಮನಿಯಲ್ಲಿ. ಡ್ಯೂಸೆಲ್‌ಡಾರ್ಫ್‌ನ ಆಸ್ಪತ್ರೆಯಲ್ಲಿ ಕೆಂಜೊ ಟೆನ್ಮಾ ಎಂಬ ಜಪಾನಿ ಮೆದುಳಿನ ಸರ್ಜನ್. ಮೊದಲು ಬಂದ ಟರ್ಕಿಯ ಕೂಲಿಕಾರನನ್ನು ಬಿಟ್ಟು ಆಮೇಲೆ ಬಂದ ಒಪೆರಾ ಗಾಯಕನಿಗೆ ಅವನಿಂದ ಆಪರೇಷನ್ ಮಾಡಿಸುತ್ತಾರೆ. ಕೂಲಿಕಾರ ಸಾಯುತ್ತಾನೆ.

ಅಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ನಿವೃತ್ತಳಾದವಳು. ಸತ್ತವನ ಹೆಂಡತಿ ಕಾರಿಡಾರಿನಲ್ಲಿ ಟೆನ್ಮಾನನ್ನು ಹಿಡಿದು ಹೊಡೆಯುವಾಗ ಅವಳ ಕೈ ಮೊರದಲ್ಲೇ ನಿಂತಿತು. ಅನುವಾದ ಕೇಳಲಿಲ್ಲ. ಮುಂದೆ ತಲೆಗೆ ಗುಂಡು ಬಿದ್ದ ಹುಡುಗ ಮೊದಲು ಬರುತ್ತಾನೆ, ಆಮೇಲೆ ಊರಿನ ಮೇಯರ್. ಈ ಸಲ ಟೆನ್ಮಾ ಮೇಲಿನವರ ಮಾತು ಮೀರಿ ಹುಡುಗನನ್ನು ಉಳಿಸುತ್ತಾನೆ. “ಸರಿಯಾಗೇ ಮಾಡ್ದ” ಅಂದಳು ಅಮ್ಮ. ಒಂಬತ್ತು ವರ್ಷದ ನಂತರ ಆ ಹುಡುಗ ಯೋಹಾನ್ ಏನಾಗಿದ್ದಾನೆಂದು ತಿಳಿದ ರಾತ್ರಿ ಬಹಳ ಹೊತ್ತು ಸುಮ್ಮನಿದ್ದು, “ಆದ್ರೂ ಅವತ್ತು ಮಾಡಿದ್ದು ಸರಿನೇ” ಅಂದಳು. 74 ಕಂತೂ ಹೊರುವ ಪ್ರಶ್ನೆ ಅದೇ, ಉಳಿಸಿದ್ದು ತಪ್ಪಾಯಿತೇ ಎಂಬುದು.

ಇದರಲ್ಲಿ ಹೇಳಲು ಸಮಯ ಸಿಗುತ್ತದೆ. ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಕಾಫಿ ಕುಡಿಯುತ್ತಾರೆ, ರೈಲು ಹೋಗುತ್ತದೆ. ಆ ಬಿಡುವಿನಲ್ಲಿ ನನ್ನ ಕನ್ನಡ ಸಲೀಸಾಗಿ ಕೂರುತ್ತಿತ್ತು. ಯೋಹಾನ್ ಎಷ್ಟೋ ಕಂತುಗಳಲ್ಲಿ ಕಾಣಿಸುವುದೇ ಇಲ್ಲ. ಅವನ ವಿಷಯ ಬೇರೆಯವರ ಬಾಯಿಂದಲೇ ಕೇಳುತ್ತೇವೆ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ. ಕೀಬೋರ್ಡ್ ಒತ್ತುವಂತೆ ಬೆರಳಾಡಿಸಿ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಪೊಲೀಸ್ ಲುಂಗೆ ಅಮ್ಮನಿಗೆ ಬಹಳ ಹಿಡಿಸಿದ. ನನಗೆ ಗ್ರಿಮ್ಮರ್. ಪೂರ್ವ ಬರ್ಲಿನ್‌ನ ಕಿಂಡರ್‌ಹೈಮ್ 511 ಎಂಬ ಅನಾಥಾಲಯದಲ್ಲಿ ಬೆಳೆದು, ನಗುವುದನ್ನೂ ಪಾಠದಂತೆ ಕಲಿತವನು. ಸ್ವಂತ ಮಗ ಸತ್ತಾಗ ಅಳಲು ಬಾರದೆ ನಿಂತವನು. ಅವನ ಕಥೆ ಹೇಳುವಾಗ ನನಗೇ ಗಂಟಲು ಕಟ್ಟಿ ನಿಲ್ಲಿಸಬೇಕಾಯಿತು.

ತೊಡಕು ಇದರಲ್ಲೂ ಇದೆ. ನಡುವೆ ಹೊಸ ಊರು, ಹೊಸ ಜನ ಬರುತ್ತಲೇ ಇರುತ್ತಾರೆ. ಜರ್ಮನ್, ಚೆಕ್ ಹೆಸರುಗಳು ಜಪಾನಿ ಉಚ್ಚಾರದಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. ಹೆಸರುಗಳನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದೆ.

ಚಿತ್ರದ ಸೊಗಸು, ವೇಗ ಬೇಕೆಂದರೆ ‘ಡೆತ್ ನೋಟ್’ ಮುಂದೆ.

ಇದೇ ಸ್ಟುಡಿಯೊದ ಮೂರನೆಯದೂ ಒಂದಿದೆ, ಸಾತೋಶಿ ಕೋನ್ ಅವರ ‘ಪ್ಯಾರನೋಯಾ ಏಜೆಂಟ್’, 2004ರದು, 13 ಕಂತು. ಚಿನ್ನದ ಬಣ್ಣದ ಸೊಟ್ಟ ಬ್ಯಾಟು ಹಿಡಿದು ಜನರ ಮೇಲೆ ಬೀಳುವ ಹುಡುಗನ ಕಥೆ. ಕನಸು ಯಾವುದು, ನಡೆದದ್ದು ಯಾವುದು ಎಂದು ಬಾಯಲ್ಲಿ ಹೇಳಲು ನನಗೆ ಸಾಧ್ಯವಾಗಲಿಲ್ಲ. ಒಂಟಿಯಾಗಿ, ದೀಪ ಆರಿಸಿ ನೋಡಿ.

ಒಂದೇ ತಿಂಗಳ ಚಂದಾ ಕಟ್ಟಿ, ಒಬ್ಬರೇ ರಾತ್ರಿ ಎರಡೆರಡು ಕಂತು ನೋಡುವವರು ‘ಡೆತ್ ನೋಟ್’ ಹಿಡಿಯಿರಿ, 37 ಕಂತು, ತಿಂಗಳೊಳಗೆ ಆರಾಮಾಗಿ ಮುಗಿಯುತ್ತದೆ. ‘ಮಾನ್‌ಸ್ಟರ್’ ದಿನಕ್ಕೊಂದರಂತೆ ಎರಡೂವರೆ ತಿಂಗಳು ತೆಗೆದುಕೊಳ್ಳುತ್ತದೆ. ನಾವು 31ನೇ ಕಂತಿನಲ್ಲಿದ್ದಾಗ ಚಂದಾ ಮುಗಿಯಿತು. ಇನ್ನೊಮ್ಮೆ ಕಟ್ಟುವುದೋ ಬೇಡವೋ ಎಂದು ನಾನು ಲೆಕ್ಕ ಹಾಕುತ್ತಿದ್ದರೆ, ಅಮ್ಮ ಸೊಪ್ಪಿನ ದುಡ್ಡಿನ ಡಬ್ಬಿ ತಂದು ನನ್ನ ಮುಂದಿಟ್ಟಳು.